ತಿಮ್ಮಯ್ಯ (ತಿಮೋಜ)

ಹದಿನಾರನೆಯ ಶತಮಾನದ ಆರಂಭದಲ್ಲಿ ಹೊನ್ನಾವರವನ್ನು ನೆಲೆಯಾಗಿಸಿಕೊಂಡಿದ್ದ ನೌಕಾದಂಡನಾಯಕ. ಪೋರ್ಚುಗೀಸರ ಬರಹಗಳಲ್ಲಿ ಈತ ‘ತಿಮೋಜ’. ಹಲವೆಡೆ ಬರಿಯ ಕಡಲ್ಗಳ್ಳ. ಆ ಹೆಸರು ಅರ್ಧಸತ್ಯ. ಆಗಿನ ಕರಾವಳಿಯಲ್ಲಿ ಹಡಗು ಹಿಡಿದು ದೋಚುವುದಕ್ಕೂ ಅರಸನ ಪರವಾಗಿ ಕಡಲು ಕಾಯುವುದಕ್ಕೂ ನಡುವೆ ಗೆರೆ ತೆಳುವಾಗಿತ್ತು.

1498ರಲ್ಲಿ ಅಂಜದೀವದ ಬಳಿ ತಂಗಿದ್ದ ವಾಸ್ಕೋ ಡ ಗಾಮನ ಮೇಲೆ ಈತ ಸೊಪ್ಪುಸದೆ ಹೊದಿಸಿ ಒಂದಕ್ಕೊಂದು ಬಿಗಿದ ದೋಣಿಗಳನ್ನು, ತೇಲುವ ನಡುಗಡ್ಡೆಯಂತೆ ತೋರಿಸಿ, ನುಗ್ಗಿಸಿದನೆಂದು ಪೋರ್ಚುಗೀಸ್ ಚರಿತ್ರೆಕಾರರು ಹೇಳುತ್ತಾರೆ. ಕಥೆಗೆ ಬಣ್ಣ ಸೇರಿದ್ದರೂ ಸೇರಿರಬಹುದು. ಮುಂದೆ ಅದೇ ಪರಂಗಿಗಳಿಗೆ ಈತ ಮಿತ್ರನಾದ.

1510ರಲ್ಲಿ ಕೆಂಪು ಸಮುದ್ರದತ್ತ ಹೊರಟಿದ್ದ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್‌ನನ್ನು ಗೋವೆಗೆ ತಿರುಗಿಸಿದವನು ತಿಮ್ಮಯ್ಯನೇ. ಕಾರಣ ಸ್ಪಷ್ಟ: ಗೋವೆಯನ್ನಾಳುತ್ತಿದ್ದ ಬಿಜಾಪುರದ ಸುಲ್ತಾನ ಯೂಸುಫ್ ಆದಿಲ್ ಶಾಹ ತೀರಿಕೊಂಡಿದ್ದ, ಮಗ ಇಸ್ಮಾಯಿಲ್ ಎಳೆಯ. ಬಿಜಾಪುರಕ್ಕೆ ಅರಬ್ಬಿ ಕುದುರೆಗಳು ಇಳಿಯುತ್ತಿದ್ದದ್ದು ಗೋವೆಯಲ್ಲಿ. ಅಲ್ಲಿನ ಕಾವಲು ಪಡೆಯಲ್ಲಿ ‘ರೂಮಿ’ಗಳೆಂದು ಹೆಸರಾದ ತುರ್ಕರೂ ಇದ್ದರು. ಕಾಳಿ ನದಿಯ ಅಳಿವೆಯಲ್ಲಿದ್ದ ಕೋಟೆಯನ್ನು ತಿಮ್ಮಯ್ಯ ಹಿಡಿದ. ಪೋರ್ಚುಗೀಸರು ಗೋವೆ ಹೊಕ್ಕರು. ಮೇ ತಿಂಗಳಲ್ಲಿ ಬಿಜಾಪುರದ ಸೇನೆ ಅವರನ್ನು ಹೊರದೂಡಿತು. ನವೆಂಬರ್ 25ರಂದು ಊರು ಮತ್ತೆ ಅವರ ವಶವಾಯಿತು.

ಗೋವೆಯನ್ನು ತನ್ನ ಕೈಗೊಪ್ಪಿಸುತ್ತಾರೆಂದು ನಂಬಿದ್ದ ತಿಮ್ಮಯ್ಯನಿಗೆ ದಕ್ಕಿದ್ದು ಸುತ್ತಲ ಸೀಮೆಯ ಕಂದಾಯ ವಸೂಲಿಯ ಅಧಿಕಾರ ಮಾತ್ರ. ಕೆಲಕಾಲದಲ್ಲೇ ಅದೂ ಹೊನ್ನಾವರದ ಅರಸುಮನೆತನದ ಮಲ್ಹಾರರಾಯನ ಪಾಲಾಯಿತು.