ಮಿತಾಹಾರಿ ಕಾರ್ನಾರೋ

ಇಟಲಿಯ ಪಾದುವಾ ನಗರದಲ್ಲಿ ನೆಲೆಸಿದ್ದ ಆಲ್ವಿಸೆ ಕಾರ್ನಾರೋ ಮಿತಾಹಾರದ ಚರಿತ್ರೆಯಲ್ಲಿ ಸ್ಮರಣೀಯನು. ಭೋಗಜೀವನದಿಂದ ಜರ್ಜರಿತನಾದ ಆತನು ವೈದ್ಯರ ಸಲಹೆಯಂತೆ ಮಿತಾಹಾರವನ್ನು ಕೈಕೊಂಡು, ದಿನಕ್ಕೆ 12 ಔನ್ಸ್ ಆಹಾರ, 14 ಔನ್ಸ್ ದ್ರಾಕ್ಷಾಮದ್ಯ ಇಷ್ಟರಿಂದಲೇ ತೃಪ್ತನಾಗಿ ಆರೋಗ್ಯವನ್ನು ಪಡೆದನು. ವೃದ್ಧಾಪ್ಯದಲ್ಲಿ ಬಂಧುಮಿತ್ರರ ಒತ್ತಾಯಕ್ಕೆ ಮಣಿದು ಎರಡೆರಡು ಔನ್ಸ್ ಹೆಚ್ಚಿಸಿದಾಗ ರೋಗಕ್ಕೆ ತುತ್ತಾದುದನ್ನೂ, ಹಳೆಯ ಪ್ರಮಾಣಕ್ಕೆ ಮರಳಿ ಚೇತರಿಸಿಕೊಂಡುದನ್ನೂ ಮಿತಜೀವನವನ್ನು ಕುರಿತು 1558ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ.

1566ರಲ್ಲಿ ಆತನು ತೀರಿಕೊಂಡಾಗ ವಯಸ್ಸು ನೂರರ ಸಮೀಪದಲ್ಲಿದ್ದಿತೆಂಬುದು ಪ್ರತೀತಿ. ಜನನವು 1484ರ ಸುಮಾರಿನದೆಂಬ ಸಂಶೋಧಕರ ಮತವನ್ನು ಒಪ್ಪಿದರೆ ಅದು ಸುಮಾರು 82 ಮಾತ್ರ. ಒಬ್ಬನ ಆಯುಷ್ಯವು ಪ್ರಮಾಣವಾಗಲಾರದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮೆಕ್‌ಕೇ ಮತ್ತು ಅವರ ಸಹೋದ್ಯೋಗಿಗಳು ಇಲಿಗಳಿಗೆ ಪೋಷಕಾಂಶ ಕುಂದದಂತೆ ಆಹಾರವನ್ನು ಮಿತಗೊಳಿಸಿ, ಆಯುಷ್ಯವು ಹೆಚ್ಚಿದುದನ್ನು 1935ರಲ್ಲಿ ಪ್ರಕಟಿಸಿದರು. ಮನುಷ್ಯರ ವಿಷಯದಲ್ಲಿ ಅದು ಇನ್ನೂ ಸಿದ್ಧವಾಗಿಲ್ಲ. ಆದರೂ ರೋಗಿಯೊಬ್ಬನು ತನ್ನ ಊಟವನ್ನು ತಾನೇ ಅಳೆದು ಬರೆದಿಟ್ಟ ಅನುಭವವಾದುದರಿಂದ ಆ ಗ್ರಂಥವು ಇಂದಿಗೂ ವಿಚಾರಾರ್ಹವಾಗಿದೆ.