ಬಂಡೀಪುರದ ಹೆದ್ದಾರಿ ಮತ್ತು ಇರುಳಿನ ಹಕ್ಕು

ಮೈಸೂರಿನಿಂದ ದಕ್ಷಿಣಾಭಿಮುಖವಾಗಿ ನಂಜನಗೂಡನ್ನು ದಾಟಿ ಬರುವ ಹೆದ್ದಾರಿಯು ಗುಂಡ್ಲುಪೇಟೆಯಲ್ಲಿ ಕವಲೊಡೆದು, ಒಂದು ಶಾಖೆ ಬಂಡೀಪುರದ ಮಾರ್ಗವಾಗಿ ನೀಲಗಿರಿಗೂ, ಮತ್ತೊಂದು ಮದ್ದೂರು, ಮೂಲೆಹೊಳೆಗಳ ಮಾರ್ಗವಾಗಿ ವಯನಾಡಿನ ಸುಲ್ತಾನ್ ಬತ್ತೇರಿಗೂ ಸಾಗುತ್ತದೆ. ಎತ್ತಿನ ಗಾಡಿಗಳ ಕಾಲದಲ್ಲಿ ಇಂತಹ ಕಾಡುದಾರಿಗಳಿಗೆ ಯಾರೂ ಬರೆದಿಡದ ಒಂದು ಕಟ್ಟಳೆಯಿದ್ದಿತು. ಹುಲಿಗೂ ಆನೆಗೂ ಅಂಜುತ್ತಿದ್ದ ದಾರಿಗ, ಹೊತ್ತು ಮುಳುಗುವ ಮುನ್ನ ಊರು ಸೇರಿ ನೊಗವಿಳಿಸುತ್ತಿದ್ದನು. ಭಯದಿಂದ ಹುಟ್ಟಿದ ಸಂಯಮವೇ ಆಗಿದ್ದರೂ, ಅದರ ಫಲವಾಗಿ ಹಗಲು ಮನುಷ್ಯನದೂ ಇರುಳು ಮೃಗದ್ದೂ ಆಗಿ ಉಳಿದವು.

ಈ ಅರಣ್ಯದ ಸ್ವಲ್ಪ ಭಾಗವು 1931ರಲ್ಲಿ ಮೈಸೂರು ಸಂಸ್ಥಾನದ ಆಶ್ರಯದಲ್ಲಿ ಅಭಯಾರಣ್ಯವಾಯಿತು. 1941ರಲ್ಲಿ ಅದು ವಿಸ್ತಾರಗೊಂಡು, ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಮೃಗಧಾಮವೆನಿಸಿತು. 1973ರಲ್ಲಿ ಹುಲಿ ಯೋಜನೆಯ ಮೊದಲ ತಾಣಗಳ ಸಾಲಿನಲ್ಲಿ ಸೇರಿತು. ಬೇಟೆಗಾರನ ಕೋವಿಯಿಂದ ಮೃಗಗಳಿಗೆ ಹೀಗೆ ರಕ್ಷಣೆ ದೊರೆಯುತ್ತ ಬಂದ ಕಾಲದಲ್ಲಿಯೇ, ಕಾಡಿನ ನಡುವಣ ದಾರಿಯು ಡಾಂಬರು ಕಂಡು, ಅಗಲವಾಗಿ, ಮೋಟಾರುಗಳ ವೇಗಕ್ಕೆ ಅಣಿಯಾಯಿತು. ಗಾಡಿಯವನಿಗಿದ್ದ ಭಯ ಲಾರಿಯವನಿಗಿರಲಿಲ್ಲ. ಭಯದೊಡನೆ ಸಂಯಮವೂ ಅಳಿಯಿತು.

ಆ ಅಳಿವಿನ ಪರಿಣಾಮವನ್ನು ಕಾಣಲು ದಾರಿಯ ಮೇಲೆಯೇ ನೋಡಬೇಕು. ಹಗಲಿನ ಬಿಸಿಲನ್ನು ಹೀರಿದ ಡಾಂಬರು ರಾತ್ರಿಯಲ್ಲಿ ಬೆಚ್ಚಗಿರುವುದರಿಂದ ನತ್ತಿಂಗ ಹಕ್ಕಿಯು ಅಲ್ಲಿಯೇ ಬಂದು ಕೂರುತ್ತದೆ; ಅಂಚಿನ ಎಳೆಹುಲ್ಲಿಗೆ ಬಂದ ಕಡವೆಯು ದೀಪದ ಪ್ರಖರತೆಗೆ ಕಣ್ಣು ಕುರುಡಾಗಿ, ಓಡಲಾರದೆ ನಿಂತಲ್ಲಿಯೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಕೆರೆಗಳು ಬತ್ತಿದಾಗ ಕಬಿನಿಯ ಹಿನ್ನೀರನ್ನರಸಿ ಹೊರಡುವ ಆನೆಗಳ ಹಿಂಡು, ಮರಿಗಳನ್ನು ನಡುವಿರಿಸಿಕೊಂಡು ರಸ್ತೆಯಂಚಿನ ಮರೆಯಲ್ಲಿ ವಾಹನಗಳ ಸಾಲು ಮುಗಿಯಲೆಂದು ಕಾಯುತ್ತದೆ. ಸಾಲು ಮುಗಿಯದಿದ್ದರೆ ಅದು ಹಿಂದಿರುಗಬೇಕು, ಇಲ್ಲವೆ ಪ್ರಾಣಾಪಾಯಕ್ಕೆ ಒಡ್ಡಿಕೊಂಡು ದಾಟಬೇಕು.

2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಈ ಹೆದ್ದಾರಿಗಳಲ್ಲಿ ಸಂಚಾರವನ್ನು ನಿಷೇಧಿಸಿದರು. ಆಜ್ಞೆಯು ಕೆಲವೇ ದಿನಗಳಲ್ಲಿ ಹಿಂತೆಗೆಯಲ್ಪಟ್ಟಿತಾದರೂ ಉಚ್ಚ ನ್ಯಾಯಾಲಯವು ನಿಷೇಧವನ್ನು ಮತ್ತೆ ಜಾರಿಗೆ ತಂದು, 2010ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ರೋಗಿಗಳನ್ನೊಯ್ಯುವ ವಾಹನಗಳಿಗೂ ಮಿತಸಂಖ್ಯೆಯ ಬಸ್ಸುಗಳಿಗೂ ವಿನಾಯಿತಿಯಿದ್ದಿತು. ಉಳಿದವರಿಗೆ ಹುಣಸೂರು, ಗೋಣಿಕೊಪ್ಪಲು, ಕುಟ್ಟಗಳ ಸುತ್ತುಮಾರ್ಗವಿದ್ದಿತು. ವಯನಾಡಿನ ವರ್ತಕರಿಗೂ ಪ್ರಯಾಣಿಕರಿಗೂ ಇದರಿಂದ ಆದ ತೊಂದರೆ ಸಾಮಾನ್ಯವಾದುದಲ್ಲ. ಕೇರಳವು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕುದು ಸಹಜವೇ.

2018ರಲ್ಲಿ ಕಾಡಿನೊಳಗೆ ಅಲ್ಲಲ್ಲಿ ಎತ್ತರದ ಸೇತುವೆಗಳನ್ನು ಕಟ್ಟಿ, ಕೆಳಗೆ ಮೃಗಗಳಿಗೆ ದಾರಿ ಬಿಟ್ಟು, ನಿಷೇಧವನ್ನು ತೆಗೆಯಬಹುದೆಂಬ ಸಲಹೆಯೂ ಬಂದಿತು. ಮಧ್ಯಭಾರತದ ಪೆಂಚ್ ಅರಣ್ಯದಲ್ಲಿ ಹೆದ್ದಾರಿಯನ್ನು ಅಗಲಗೊಳಿಸುವಾಗ ನಿರ್ಮಿಸಿದ ಕೆಳದಾರಿಗಳನ್ನು ಹುಲಿಗಳೂ ಬಳಸುತ್ತಿರುವುದು ನಿಜ, ಸಂತೋಷದ ಸಂಗತಿ. ಆದರೆ ವಾಹನಗಳನ್ನು ತಡೆಯಲಾಗದೆಡೆ ಉಪಕಾರವಾಗುವ ಕಟ್ಟಡವು, ಒಂದು ಗೇಟನ್ನು ಮುಚ್ಚಿದರೆ ಸಾಕಾದೆಡೆ ಅನಾವಶ್ಯಕ. ವರುಷಗಟ್ಟಲೆ ಕಂಬ ನೆಡುವ ಕೆಲಸವೇ ಕಾಡಿಗೆ ಹೊಸ ಗಾಯವಾಗುವುದು. ಪ್ರಯಾಣಿಕನಿಗೆ ಸುತ್ತುಮಾರ್ಗವುಂಟು, ಕಾಯಲು ಬೆಳಗುಂಟು; ಹಿನ್ನೀರಿಗೆ ಹೊರಟ ಹಿಂಡಿಗೆ ಅವೆರಡೂ ಇಲ್ಲ. ನಮ್ಮ ಹಿರಿಯರು ಭಯದಿಂದ ಬಿಟ್ಟುಕೊಟ್ಟಿದ್ದ ಇರುಳನ್ನು ನಾವು ವಿವೇಕದಿಂದ ಬಿಟ್ಟುಕೊಡುವುದೇ ಯೋಗ್ಯ. ಸುತ್ತುಮಾರ್ಗವನ್ನು ಸುಸ್ಥಿತಿಯಲ್ಲಿಟ್ಟು, ವಯನಾಡಿನ ಜನರ ಕಷ್ಟವನ್ನು ಹಗುರಗೊಳಿಸುವ ಹೊಣೆಯೂ ಆ ವಿವೇಕಕ್ಕೇ ಸೇರಿದುದು.