ಹಳೆಯ ಬ್ರಿಟಿಷ್ ಕಾರುಗಳ ಹಿಂಬದಿ ದೀಪ

ಬರ್ಮಿಂಗ್‌ಹ್ಯಾಮಿನಲ್ಲಿ ಎಣ್ಣೆದೀಪಗಳಿಂದ ಹೆಸರಾದ ಜೋಸೆಫ್ ಲ್ಯೂಕಸರ ಕಂಪನಿ, 20ನೆಯ ಶತಮಾನದಲ್ಲಿ ಬಹುಪಾಲು ಬ್ರಿಟಿಷ್ ಕಾರುಗಳಿಗೆ ವಿದ್ಯುತ್ ಸಾಮಗ್ರಿ ಒದಗಿಸಿತು. ತಂತಿಗಳ ಬಣ್ಣಕ್ಕೂ ಒಂದು ಕಟ್ಟಳೆ ನೆಲೆಗೊಂಡಿತು: ಹಿಂಬದಿ ದೀಪಕ್ಕೆ ಕೆಂಪು, ಬ್ರೇಕ್ ದೀಪಕ್ಕೆ ನೇರಳೆ ಗೆರೆಯ ಹಸಿರು, ಅರ್ತಿಂಗಿಗೆ ಕಪ್ಪು. ಹಳೆಯ ಕಾರಿನ ದೋಷ ಹುಡುಕುವವರಿಗೆ ಇಂದಿಗೂ ಇದೇ ದಾರಿದೀಪ. ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಅಂಬಾಸಡರ್ ಮೂಲಕ ಈ ಪರಂಪರೆ ಭಾರತದ ಗ್ಯಾರೇಜುಗಳಿಗೂ ಬಂತು. 1961ರಲ್ಲಿ ಮದರಾಸಿನಲ್ಲಿ ಲ್ಯೂಕಸ್-ಟಿವಿಎಸ್ ಎಂಬ ಕಂಪನಿಯೂ ಹುಟ್ಟಿತು.

ದೀಪ ಕೈಕೊಟ್ಟರೆ ಮೊದಲು ಬಲ್ಬನ್ನೇ ದೂರುವುದು ರೂಢಿ. ಆದರೆ ನಿಜವಾದ ತೊಂದರೆ ಹೆಚ್ಚಾಗಿ ಅರ್ತಿಂಗಿನಲ್ಲಿರುತ್ತದೆ. ಕರೆಂಟು ಬ್ಯಾಟರಿಗೆ ಮರಳುವುದು ಕಾರಿನ ಕಬ್ಬಿಣದ ಮೈಯ ಮೂಲಕ. ದೀಪ ಕೂರುವ ಜಾಗದಲ್ಲಿ ತುಕ್ಕೋ ಹೊಸ ಬಣ್ಣವೋ ಅಡ್ಡವಾದರೆ ಆ ದಾರಿ ಮುಚ್ಚುತ್ತದೆ. ಒಂದೇ ಬಲ್ಬಿನಲ್ಲಿ ಎರಡು ತಂತುಗಳಿರುವಲ್ಲಿ, ಬ್ರೇಕ್ ಒತ್ತಿದಾಗಿನ ಕರೆಂಟು ಮತ್ತೊಂದು ತಂತುವಿನ ಮೂಲಕವೇ ಹಿಂದಿರುಗಲು ಹೊರಡುತ್ತದೆ. ಆಗ ದೀಪ ಪ್ರಖರವಾಗುವ ಬದಲು ಮಂಕಾಗುತ್ತದೆ, ಸಂಬಂಧವೇ ಇಲ್ಲದ ಬೇರೆ ದೀಪವೂ ಮಿಣುಕುತ್ತದೆ. ಲೋಹವನ್ನು ಹೊಳೆಯುವಂತೆ ಉಜ್ಜಿ, ಹೊಸ ಕಪ್ಪು ತಂತಿ ಬಿಗಿದರೆ ಸಾಕು. ಅಲ್ಲೂ ಸರಿಯಿದ್ದರೆ ಡಿಕ್ಕಿಯೊಳಗೆ ತಂತಿಗಳನ್ನು ಜೋಡಿಸುವ ಬುಲೆಟ್ ಕನೆಕ್ಟರುಗಳ ಕಿಲುಬನ್ನು ನೋಡಬೇಕು. ಬ್ರೇಕ್ ದೀಪ ಮಾತ್ರ ಹತ್ತದಿದ್ದರೆ, ಬ್ರೇಕ್ ಆಯಿಲಿನ ಒತ್ತಡಕ್ಕೆ ಕೆಲಸ ಮಾಡುವ ಸ್ವಿಚ್ಚನ್ನು ಪರೀಕ್ಷಿಸಬೇಕು.